ಯಕೃತ್ ಕಸಿಯಲ್ಲಿ ಕಿರುಚೀಲಗಳು: ಎಷ್ಟಿವೆ ಎನ್ನುವ ಮೊದಲು ಯಾರವು ಎಂದು ಕೇಳಬೇಕು

ಕಿರುಚೀಲಗಳನ್ನು, ಅಂದರೆ ಜೀವಕೋಶಗಳು ಹೊರಬಿಡುವ ಸೂಕ್ಷ್ಮ ಪೊಟ್ಟಣಗಳನ್ನು, ಎಣಿಸಲೆಂದು ಯಕೃತ್ ಕಸಿಯಾದ ರೋಗಿಯ ಒಂದಿಷ್ಟು ಪ್ಲಾಸ್ಮಾವನ್ನು (ರಕ್ತದ ದ್ರವಭಾಗವನ್ನು) ಕಣ ಎಣಿಸುವ ಯಂತ್ರಕ್ಕೆ ಹಾಕಿದರೆ ದೊಡ್ಡದೊಂದು ಸಂಖ್ಯೆ ಬಂದೇ ಬರುತ್ತದೆ. ಆ ಸಂಖ್ಯೆಯಲ್ಲಿ ಹೊಸ ಯಕೃತ್ತಿನ ಪಾಲು ಎಷ್ಟು ಎಂಬುದನ್ನು ಬಿಡಿಸುವುದೇ ಈ ಕೆಲಸದ ಕಷ್ಟ. ಉಳಿದದ್ದರಲ್ಲಿ ಪ್ಲೇಟ್‌ಲೆಟ್‌ಗಳದ್ದಿದೆ, ಕೆಂಪು ರಕ್ತಕಣಗಳದ್ದಿದೆ, ರಕ್ತ ಕೊಟ್ಟ ಬೇರೆ ದಾನಿಗಳದ್ದಿದೆ, ಅರಿವಳಿಕೆ ಔಷಧದ ಎಣ್ಣೆಹನಿಗಳಿವೆ, ಎಲ್ಲಕ್ಕಿಂತ ಹೆಚ್ಚಾಗಿ ಕಿರುಚೀಲಗಳೇ ಅಲ್ಲದ ಕೊಬ್ಬಿನ ಕಣಗಳಿವೆ. ಮಾದರಿ ತೆಗೆಯುವಲ್ಲಿಂದ ಫಲಿತಾಂಶ ಓದುವವರೆಗೆ ನಾವು ಪಾಲಿಸುವ ಕ್ರಮ ಯಾವುದು, ಅದು ಎಲ್ಲಿ ಕೆಡುತ್ತದೆ, ಏಕೆ ಕೆಡುತ್ತದೆ ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಜೀವಕೋಶಗಳು ತಮ್ಮ ಪೊರೆಯ ತುಣುಕಿನಲ್ಲಿ ಪ್ರೋಟೀನು, ಕೊಬ್ಬು, ಆರ್‌ಎನ್‌ಎ ಕಟ್ಟಿ ಹೊರಬಿಡುವ ಪೊಟ್ಟಣಗಳಿಗೆ ಪ್ರಯೋಗಾಲಯದ ಹೆಸರು ಎಕ್ಸ್‌ಟ್ರಾಸೆಲ್ಯುಲಾರ್ ವೆಸಿಕಲ್. ಇಲ್ಲಿ ಅವನ್ನು ಕಿರುಚೀಲ ಎಂದೇ ಕರೆಯುತ್ತೇನೆ. ಕೋಶದೊಳಗಿನ ಎಂಡೋಸೋಮು ಎಂಬ ಪುಟ್ಟ ಕೋಣೆಯಲ್ಲಿ ಹುಟ್ಟಿ, ಆ ಎಂಡೋಸೋಮು ಹೊರಪೊರೆಯೊಂದಿಗೆ ಬೆರೆತಾಗ ಆಚೆ ಬೀಳುವವು ಎಕ್ಸೋಸೋಮ್‌ಗಳು. ಸುಮಾರು 30ರಿಂದ 150 ನ್ಯಾನೋಮೀಟರ್. ಹೊರಪೊರೆಯೇ ಉಬ್ಬಿ ಕಳಚಿಕೊಳ್ಳುವವು ಮೈಕ್ರೋವೆಸಿಕಲ್‌ಗಳು. 100ರಿಂದ 1,000 ನ್ಯಾನೋಮೀಟರ್. ಸಾಯುತ್ತಿರುವ ಕೋಶದ ಚೂರುಗಳು ಇನ್ನೂ ದೊಡ್ಡವು. 1967ರಲ್ಲಿ ಪೀಟರ್ ವುಲ್ಫ್ ರಕ್ತದಲ್ಲಿ ಕಂಡ ಇಂಥ ಕಣಗಳನ್ನು ಪ್ಲೇಟ್‌ಲೆಟ್ ಧೂಳು ಎಂದು ಕರೆದಿದ್ದರು. ಅಮೆರಿಕದ ಶಸ್ತ್ರವೈದ್ಯ ಥಾಮಸ್ ಸ್ಟಾರ್ಜಲ್ ಅವರ ಯಕೃತ್ ಕಸಿ ಮೊದಲ ಬಾರಿಗೆ ಫಲಿಸಿದ್ದೂ ಅದೇ ವರ್ಷ. ಒಮ್ಮೆ ಹೊರಬಿದ್ದ ಕಿರುಚೀಲ ಎಂಡೋಸೋಮಿನಿಂದ ಬಂತೋ ಹೊರಪೊರೆಯಿಂದ ಬಂತೋ ಎಂದು ಪ್ಲಾಸ್ಮಾದಲ್ಲಿ ನೋಡಿ ಹೇಳಲಾಗದು. ಅದಕ್ಕೇ ನಾವು ನಮ್ಮ ದಾಖಲೆಗಳಲ್ಲಿ ಎಕ್ಸೋಸೋಮ್ ಎಂಬ ಪದ ಬರೆಯುವುದಿಲ್ಲ. 200 ನ್ಯಾನೋಮೀಟರಿಗಿಂತ ಚಿಕ್ಕವು, ದೊಡ್ಡವು ಎಂದಷ್ಟೇ ಬರೆಯುತ್ತೇವೆ.

ಕಸಿಯಲ್ಲಿ ಇವು ಏಕೆ ಮುಖ್ಯ

ದಾನಿಯ ದೇಹದಿಂದ ತೆಗೆದ ಯಕೃತ್ತು ತಣ್ಣನೆಯ ದ್ರಾವಣದಲ್ಲಿ ಗಂಟೆಗಟ್ಟಲೆ ರಕ್ತವಿಲ್ಲದೆ ಇರುತ್ತದೆ. ಕೋಶಕ್ಕೆ ಶಕ್ತಿ ಕೊಡುವ ಎಟಿಪಿ ಕುಸಿಯುತ್ತದೆ, ಕೋಶದೊಳಗೆ ಕ್ಯಾಲ್ಸಿಯಂ ಏರುತ್ತದೆ, ಕೋಶದ ಶಕ್ತಿಕೇಂದ್ರಗಳಾದ ಮೈಟೊಕಾಂಡ್ರಿಯಾದಲ್ಲಿ ಸಕ್ಸಿನೇಟ್ ಎಂಬ ರಾಸಾಯನಿಕ ತುಂಬಿಕೊಳ್ಳುತ್ತದೆ. ರಕ್ತ ಮರಳಿದ ಕ್ಷಣ ಆ ಸಕ್ಸಿನೇಟ್ ವೇಗವಾಗಿ ಉರಿದು ಆಮ್ಲಜನಕದ ಪ್ರತಿಕ್ರಿಯಾಶೀಲ ರೂಪಗಳು ಚಿಮ್ಮುತ್ತವೆ. ಪೊರೆಯ ಒಳಮಗ್ಗುಲಲ್ಲಿ ಇರಬೇಕಾದ ಫಾಸ್ಫಟಿಡೈಲ್‌ಸೀರಿನ್ ಎಂಬ ಕೊಬ್ಬು ಹೊರಮಗ್ಗುಲಿಗೆ ತಿರುಗುತ್ತದೆ, ಪೊರೆ ಉಬ್ಬಿ ಕಿರುಚೀಲಗಳು ಕಳಚುತ್ತವೆ. ಯಕೃತ್ ಕೋಶಗಳದ್ದು, ಸೈನುಸಾಯಿಡ್ ಎಂಬ ಯಕೃತ್ತಿನ ಕಿರುರಕ್ತನಾಳಗಳ ಒಳಪದರದ್ದು, ಅಲ್ಲಿ ಕಸ ನುಂಗುವ ಕುಪ್ಫರ್ ಕೋಶಗಳದ್ದು ಎಲ್ಲವೂ ಆಗ ಒಟ್ಟಿಗೆ ಹರಿದುಬರುತ್ತವೆ. ಅವುಗಳಲ್ಲಿ ಕೆಲವು ಉರಿಯೂತವನ್ನು ಹೊತ್ತಿಸುವ ಸಂಕೇತಗಳನ್ನು ಹೊತ್ತಿರುತ್ತವೆ. ಫಾಸ್ಫಟಿಡೈಲ್‌ಸೀರಿನ್ ಹೊರಗೆ ತೋರುವ ಮೇಲ್ಮೈಯೇ ರಕ್ತ ಹೆಪ್ಪುಗಟ್ಟಲು ಜಗುಲಿಯಾಗುತ್ತದೆ.

ಎರಡನೆಯ ಕಾರಣ ರೋಗನಿರೋಧಕ ವ್ಯವಸ್ಥೆ. ದಾನಿಯ ಎಚ್‌ಎಲ್‌ಎ (ಕೋಶ ಯಾರದೆಂದು ಸಾರುವ ಪ್ರೋಟೀನು) ಹೊತ್ತ ಕಿರುಚೀಲಗಳನ್ನು, ಕಸಿ ಪಡೆದವರ ಡೆಂಡ್ರೈಟಿಕ್ ಕೋಶಗಳು (ಪರಕೀಯ ಗುರುತನ್ನು ರೋಗನಿರೋಧಕ ವ್ಯವಸ್ಥೆಗೆ ತೋರಿಸುವವು) ಹಿಡಿದು, ಆ ಎಚ್‌ಎಲ್‌ಎಯನ್ನು ಇಡಿಯಾಗಿ ತಮ್ಮ ಮೈಮೇಲೆ ತೊಟ್ಟುಕೊಳ್ಳುತ್ತವೆ. ಅಂದರೆ ದಾನಿಯ ಕೋಶ ಎದುರಿಗೆ ಇಲ್ಲದಿದ್ದರೂ ಪರಕೀಯದ ಮೇಲೆ ದಾಳಿ ಮಾಡುವ ಟಿ ಕೋಶಕ್ಕೆ ದಾನಿಯ ಗುರುತು ಕಾಣುತ್ತದೆ. ಇದು ತಿರಸ್ಕಾರಕ್ಕೆ ದಾರಿಯಾಗಬಹುದು. ಆದರೆ ಇಲಿಗಳ ಯಕೃತ್ ಕಸಿಯಲ್ಲಿ, ಹೀಗೆ ದಾನಿಯ ಗುರುತು ತೊಟ್ಟ ಕೋಶಗಳ ಮೇಲೆ ಪಿಡಿ-ಎಲ್1 ಎಂಬ ಪ್ರೋಟೀನು ಹೆಚ್ಚಿದ್ದು, ಅವು ಟಿ ಕೋಶಗಳನ್ನು ತಣಿಸುವುದೂ ಕಂಡಿದೆ. ಬೇರೆ ಅಂಗಗಳಿಗಿಂತ ಯಕೃತ್ತನ್ನು ದೇಹ ಸುಲಭವಾಗಿ ಒಪ್ಪಿಕೊಳ್ಳುವುದರ ಹಿಂದೆ ಇದೂ ಒಂದು ಎಳೆ ಎಂಬುದು ನನ್ನ ನಂಬಿಕೆ. ಆದ್ದರಿಂದ ದಾನಿಯ ಕಿರುಚೀಲ ಕಂಡೊಡನೆ ಅಪಾಯ ಎಂದು ಓದುವುದು ಅವಸರ.

ಮಾದರಿ ತೆಗೆಯುವ ಹೊತ್ತು

ನಾವು ರಕ್ತ ತೆಗೆಯುವುದು ಶಸ್ತ್ರಚಿಕಿತ್ಸೆಗೆ ಮುಂಚೆ ಒಮ್ಮೆ, ಹಳೆಯ ಯಕೃತ್ತು ಹೊರಬಂದು ಹೊಸದು ಇನ್ನೂ ಜೋಡಣೆಯಾಗದ ಹಂತದ ಕೊನೆಗೆ ಒಮ್ಮೆ, ರಕ್ತ ಮರಳಿ 10 ನಿಮಿಷಕ್ಕೆ, 1 ಗಂಟೆಗೆ, 24 ಗಂಟೆಗೆ, ನಂತರ 3, 7, 14, 30ನೆಯ ದಿನ. ಇದರ ಜೊತೆಗೆ ಬಯಾಪ್ಸಿ ಮಾಡುವ ದಿನ, ಸೂಜಿ ಚುಚ್ಚುವ ಮುಂಚೆ. ಬಯಾಪ್ಸಿ ಆದ ಮೇಲೆ ತೆಗೆದ ರಕ್ತದಲ್ಲಿ ಆ ಗಾಯದ್ದೇ ಕಿರುಚೀಲಗಳು ಸೇರುತ್ತವೆ, ಅದು ಪ್ರಯೋಜನಕ್ಕೆ ಬಾರದು.

ಯಕೃತ್ತಿಲ್ಲದ ಹಂತದ ಮಾದರಿಯನ್ನು ಬಹಳ ಕಡೆ ಬಿಟ್ಟುಬಿಡುತ್ತಾರೆ. ಅದನ್ನು ಬಿಟ್ಟರೆ ಮುಂದಿನ ಸಂಖ್ಯೆಗಳಿಗೆ ಆಧಾರವೇ ಇರುವುದಿಲ್ಲ. ರಕ್ತದಲ್ಲಿನ ಕಿರುಚೀಲಗಳನ್ನು ಬಾಚಿ ತೆಗೆಯುವ ಕೆಲಸ ಮುಖ್ಯವಾಗಿ ಯಕೃತ್ತು ಮತ್ತು ಗುಲ್ಮದ ಮ್ಯಾಕ್ರೊಫೇಜ್‌ಗಳದ್ದು, ಅಂದರೆ ಕಸ ನುಂಗುವ ಕೋಶಗಳದ್ದು. ಯಕೃತ್ತೇ ಇಲ್ಲದಾಗ, ಹೊಸದಾಗಿ ಒಂದೂ ಹೊರಬೀಳದಿದ್ದರೂ ಎಣಿಕೆ ಏರುತ್ತದೆ. ಕಸಿಯ ನಂತರವೂ ಅಷ್ಟೇ: ಎಣಿಕೆ ಏರಿದ್ದು ಗಾಯದಿಂದ ಹೆಚ್ಚು ಸುರಿದದ್ದಕ್ಕೋ, ಸೊರಗಿದ ಯಕೃತ್ತು ಬಾಚುವುದನ್ನು ನಿಲ್ಲಿಸಿದ್ದಕ್ಕೋ ಎಂಬ ಪ್ರಶ್ನೆ ಸದಾ ಎದುರಿಗೆ ಇರಬೇಕು. ಪ್ಲೇಟ್‌ಲೆಟ್‌ನ ಕಿರುಚೀಲಗಳೂ ಯಕೃತ್ ಕೋಶದ ಕಿರುಚೀಲಗಳೂ ಒಂದೇ ಪ್ರಮಾಣದಲ್ಲಿ ಏರಿದ್ದರೆ ನಾವು ಬಾಚುವಿಕೆಯನ್ನು ಮೊದಲು ಶಂಕಿಸುತ್ತೇವೆ. ಯಕೃತ್ ಕೋಶದವು ಮಾತ್ರ ಏರಿದ್ದರೆ ಗಾಯವನ್ನು.

ಪ್ರತಿ ನಳಿಕೆಯ ಜೊತೆಗೂ ಒಂದು ಚೀಟಿ ಬರಬೇಕು. ಅದರಲ್ಲಿ ರಕ್ತ ತೆಗೆದ ನಿಮಿಷ, ಯಾವ ನಾಳದಿಂದ, ಆವರೆಗೆ ಕೊಟ್ಟ ಕೆಂಪು ಕಣ, ಪ್ಲಾಸ್ಮಾ, ಪ್ಲೇಟ್‌ಲೆಟ್ ಚೀಲಗಳ ಲೆಕ್ಕ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಕೊಟ್ಟರೋ ಇಲ್ಲವೋ, ಅರಿವಳಿಕೆಯ ಪ್ರೊಪೊಫಾಲ್ ಓಡುತ್ತಿದೆಯೋ, ನಾಳದ ಮೂಲಕ ಕೊಬ್ಬಿನ ಪೋಷಣೆ ಇದೆಯೋ ಇವಿಷ್ಟು ಇರಬೇಕು. ಪ್ರೊಪೊಫಾಲ್ ಬರುವುದು ಸೋಯಾ ಎಣ್ಣೆಯ ಹಾಲಿನಂಥ ಮಿಶ್ರಣದಲ್ಲಿ. ಅದರ ಹನಿಗಳು ಸುಮಾರು 200 ನ್ಯಾನೋಮೀಟರ್, ಅಂದರೆ ಸರಿಯಾಗಿ ಕಿರುಚೀಲದ ಗಾತ್ರ. ಶಸ್ತ್ರಚಿಕಿತ್ಸೆಯ ನಡುವಿನ ಮಾದರಿಯಲ್ಲಿ ಎಣಿಕೆ ವಿಪರೀತ ಏರಿ ಪ್ರೋಟೀನ್ ಗುರುತುಗಳು ಏರದೇ ಇದ್ದರೆ ಈ ಚೀಟಿಯನ್ನೇ ಮೊದಲು ನೋಡುತ್ತೇವೆ. ರಕ್ತ ಚೀಲಗಳ ಲೆಕ್ಕವೂ ಅಷ್ಟೇ ಮುಖ್ಯ. ಶೇಖರಿಸಿಟ್ಟ ಕೆಂಪು ಕಣಗಳ ಚೀಲದಲ್ಲಿ ದಿನ ಕಳೆದಂತೆ ಕಿರುಚೀಲಗಳು ಹೆಚ್ಚುತ್ತಲೇ ಹೋಗುತ್ತವೆ, ಹೆಪ್ಪುಗಟ್ಟಿಸಿಟ್ಟ ಪ್ಲಾಸ್ಮಾದಲ್ಲಿ ಉಳಿದ ಪ್ಲೇಟ್‌ಲೆಟ್‌ಗಳು ಕರಗಿಸುವಾಗ ಒಡೆದು ಇನ್ನಷ್ಟು ಸೇರಿಸುತ್ತವೆ.

ರಕ್ತ ತೆಗೆಯುವುದು, ತಿರುಗಿಸುವುದು

ರಕ್ತ ಹೆಪ್ಪುಗಟ್ಟದಂತೆ 3.2 ಶೇಕಡಾ ಸಿಟ್ರೇಟ್ ಹಾಕಿದ ನಳಿಕೆ, 21 ಗೇಜ್ ಸೂಜಿ, ಮೊದಲ 2–3 ಮಿ.ಲೀ. ಎಸೆಯುವುದು. ಕೇಂದ್ರ ನಾಳದ ಕೊಳವೆಯಿಂದ ತೆಗೆಯಬೇಕಾದರೆ ಹೆಪಾರಿನ್ ಹಾಕಿ ಮುಚ್ಚಿಟ್ಟ ಮಾರ್ಗವನ್ನು ಮುಟ್ಟುವುದಿಲ್ಲ; ಬೇರೆ ಮಾರ್ಗದಿಂದಲೂ 10 ಮಿ.ಲೀ. ಹೊರಹಾಕಿ ಆಮೇಲೆ ತುಂಬಿಸುತ್ತೇವೆ. ನಳಿಕೆಯನ್ನು ನೆಟ್ಟಗೆ ನಿಲ್ಲಿಸಿ ಕೈಯಲ್ಲೇ ಒಯ್ಯುವುದು. ಕೊಳವೆಯ ಮೂಲಕ ಗಾಳಿಯಲ್ಲಿ ತಳ್ಳುವ ಸಾಗಣೆ ವ್ಯವಸ್ಥೆಯಲ್ಲಿ ಹಾಕಿದರೆ ಆ ಕುಲುಕಾಟಕ್ಕೇ ಪ್ಲೇಟ್‌ಲೆಟ್‌ಗಳು ಕೆರಳಿ ಕಿರುಚೀಲ ಸುರಿಸುತ್ತವೆ. ಮಂಜುಗಡ್ಡೆಯಲ್ಲೂ ಇಡಬಾರದು, ಚಳಿಗೂ ಅವು ಕೆರಳುತ್ತವೆ. ಕೋಣೆಯ ಬಿಸಿಯಲ್ಲಿಟ್ಟು ಒಂದು ಗಂಟೆಯೊಳಗೆ ಸೆಂಟ್ರಿಫ್ಯೂಜ್ ಯಂತ್ರದಲ್ಲಿ ತಿರುಗಿಸಬೇಕು.

ತಿರುಗಿಸುವುದು 2,500 ಜಿ (ಗುರುತ್ವದ 2,500 ಪಟ್ಟು ಬಲ), 15 ನಿಮಿಷ, ಕೋಣೆಯ ಬಿಸಿಯಲ್ಲಿ, ಬ್ರೇಕ್ ಇಲ್ಲದೆ. ಬಿಳಿ ರಕ್ತಕಣಗಳ ಬಿಳಿಪದರದ ಮೇಲೆ ಒಂದು ಸೆಂಟಿಮೀಟರಿನಷ್ಟು ಪ್ಲಾಸ್ಮಾ ಬಿಟ್ಟು ಉಳಿದದ್ದನ್ನು ತೆಗೆದು ಇನ್ನೊಂದು ನಳಿಕೆಯಲ್ಲಿ ಅದೇ ರೀತಿ ಮತ್ತೊಮ್ಮೆ ತಿರುಗಿಸುತ್ತೇವೆ. ಎರಡನೆಯ ಬಾರಿ ತಳದ 100 ಮೈಕ್ರೋಲೀಟರ್ ಮುಟ್ಟುವುದಿಲ್ಲ. ಒಂದೇ ಬಾರಿ ತಿರುಗಿಸಿ ನಿಲ್ಲಿಸಿದರೆ ಉಳಿದ ಪ್ಲೇಟ್‌ಲೆಟ್‌ಗಳು ಫ್ರೀಜರಿನಲ್ಲಿ ಒಡೆಯುತ್ತವೆ, ಕರಗಿಸಿದಾಗ ಎಣಿಕೆ ಹಲವು ಪಟ್ಟು ಆಗಿರುತ್ತದೆ. ಇದರಲ್ಲಿ ಕಸಿಯ ರೋಗಿಗಳದ್ದೇ ಒಂದು ವಿಶೇಷ ತೊಂದರೆ ಇದೆ. ಸಿರೋಸಿಸ್ ಇರುವವರ ಪ್ಲೇಟ್‌ಲೆಟ್ ಎಣಿಕೆ ಕಸಿಗೆ ಮುಂಚೆ ಬಹಳ ಕಡಿಮೆ, ಕಸಿಯಾದ ಎರಡನೆಯ ವಾರದ ಹೊತ್ತಿಗೆ ಏರಿರುತ್ತದೆ. ಪ್ಲೇಟ್‌ಲೆಟ್ ಸರಿಯಾಗಿ ತೆಗೆಯದಿದ್ದರೆ ಈ ಏರಿಕೆಯೇ ಕಿರುಚೀಲಗಳ ಏರಿಕೆಯಾಗಿ ಕಾಣುತ್ತದೆ, ಯಕೃತ್ತಿನ ಕಥೆ ಎಂದು ನಾವು ಓದಿಬಿಡುತ್ತೇವೆ. ಎರಡನೆಯ ತಿರುಗಿಸುವಿಕೆಯ ನಂತರ ಪ್ಲೇಟ್‌ಲೆಟ್ ಎಣಿಸಿ ದಾಖಲಿಸುವುದನ್ನು ನಾವು ಎಂದೂ ತಪ್ಪಿಸುವುದಿಲ್ಲ.

500 ಮೈಕ್ರೋಲೀಟರಿನ ಪಾಲುಗಳಾಗಿ ಮೈನಸ್ 80 ಡಿಗ್ರಿಯಲ್ಲಿ ಇಡುತ್ತೇವೆ. ಕರಗಿಸುವಾಗ 37 ಡಿಗ್ರಿಯ ನೀರಿನಲ್ಲಿ ಬೇಗನೆ, ಕೊನೆಯ ಮಂಜು ಕರಗುತ್ತಿದ್ದಂತೆ ತೆಗೆದುಬಿಡಬೇಕು. ಒಮ್ಮೆ ಕರಗಿಸಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬಾರದು. ಒಬ್ಬ ರೋಗಿಯ ಎಲ್ಲ ದಿನಗಳ ಮಾದರಿಗಳನ್ನೂ ಒಂದೇ ದಿನ, ಒಂದೇ ತಂಡವಾಗಿ (ಬ್ಯಾಚ್) ಕರಗಿಸಿ ಮುಂದುವರಿಯುತ್ತೇವೆ. ಬೇರೆ ಬೇರೆ ದಿನ ಮಾಡಿದರೆ ದಿನದ ವ್ಯತ್ಯಾಸ ರೋಗದ ವ್ಯತ್ಯಾಸದಂತೆ ತೋರುತ್ತದೆ.

ಕೆಂಪು ಕಣಗಳು ಒಡೆದಿವೆಯೇ ಎಂದು ನೋಡಲು ಎಲ್ಲರೂ ಬಳಸುವುದು 414 ನ್ಯಾನೋಮೀಟರ್ ಬೆಳಕಿನ ಹೀರಿಕೆ, 0.2ಕ್ಕಿಂತ ಹೆಚ್ಚಾದರೆ ಮಾದರಿಯನ್ನು ಬಿಡುವುದು ರೂಢಿ. ಕಾಮಾಲೆ ಇರುವ ರೋಗಿಯಲ್ಲಿ ಈ ಅಳತೆ ಮೋಸ ಮಾಡುತ್ತದೆ. ಬಿಲಿರುಬಿನ್ 460 ನ್ಯಾನೋಮೀಟರಿನ ಆಸುಪಾಸಿನಲ್ಲಿ ಬೆಳಕು ಹೀರುತ್ತದೆ, ಅದರ ಅಗಲವಾದ ಇಳಿಜಾರು 414ರವರೆಗೂ ಚಾಚುತ್ತದೆ. ಕೆಂಪು ಕಣ ಒಂದೂ ಒಡೆಯದಿದ್ದರೂ ಮಾದರಿ ಕೆಟ್ಟಿದೆ ಎಂದು ಯಂತ್ರ ಹೇಳುತ್ತದೆ. ಅದಕ್ಕಾಗಿ 350ರಿಂದ 650ರವರೆಗಿನ ಇಡೀ ರೇಖೆಯನ್ನು ತೆಗೆದು, 414ರಲ್ಲಿ ಚೂಪಾದ ಶಿಖರ ಇದೆಯೇ, 541 ಮತ್ತು 576ರಲ್ಲಿ ಹಿಮೋಗ್ಲೋಬಿನ್‌ನ ಎರಡು ಸಣ್ಣ ದಿಬ್ಬಗಳು ಇವೆಯೇ ಎಂದು ನೋಡುತ್ತೇವೆ. ಆರ್‌ಎನ್‌ಎ ಅಳೆಯುವ ಮಾದರಿಯಾದರೆ ಮೈಕ್ರೋ ಆರ್‌ಎನ್‌ಎ-23ಎ ಮತ್ತು ಕೆಂಪು ಕಣಗಳಲ್ಲಿ ಹೇರಳವಾದ 451ಎ ಎಂಬ ಎರಡು ಕಿರು ಆರ್‌ಎನ್‌ಎಗಳ ನಡುವಿನ ಪಿಸಿಆರ್ (ಪ್ರತಿಗಳನ್ನು ಹೆಚ್ಚಿಸಿ ಅಳೆಯುವ ವಿಧಾನ) ಸೈಕಲ್ ಅಂತರವೇ ಹೆಚ್ಚು ನಂಬಿಕೆಯದು. ಅಂತರ 7ಕ್ಕಿಂತ ಹೆಚ್ಚಾದರೆ ಆ ಮಾದರಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ತೊಳೆನೀರು ಎಂಬ ನಿಧಿ

ಕಸಿಗೆ ಮುಂಚೆ ಯಕೃತ್ತನ್ನು ತೊಳೆಯುವಾಗ ಮಹಾಸಿರೆಯ ತುದಿಯಿಂದ ಹೊರಬರುವ ದ್ರಾವಣವನ್ನು ಚೆಲ್ಲಿಬಿಡುವುದು ವಾಡಿಕೆ. ನನ್ನ ಮಟ್ಟಿಗೆ ಇದು ಈ ವಿಷಯದ ಅತ್ಯಂತ ಶುದ್ಧವಾದ ಮಾದರಿ. ಇದರಲ್ಲಿ ಪಡೆದವರದ್ದು ಏನೂ ಇಲ್ಲ, ಅವರಿಗೆ ಕೊಟ್ಟ ರಕ್ತ ಚೀಲದ್ದೂ ಇಲ್ಲ, ಪ್ರೊಪೊಫಾಲೂ ಇಲ್ಲ. ಇರುವುದೆಲ್ಲ ದಾನಿಯದ್ದು, ಬಹುಪಾಲು ಆ ಯಕೃತ್ತಿನದ್ದೇ. ಪೋರ್ಟಲ್ ಸಿರೆಯಿಂದ ತೊಳೆಯಲು ಶುರುಮಾಡಿದಾಗ ಮೊದಲು ಹೊರಬರುವ 50 ಮಿ.ಲೀ. ಹಿಡಿಯುತ್ತೇವೆ; ನಂತರದ್ದು ತೆಳುವಾಗುತ್ತ ಹೋಗುತ್ತದೆ. ಹಿಡಿಯುವ ಪಾತ್ರೆ, ಹೊತ್ತು, ಮೊತ್ತ ಪ್ರತಿ ಸಲ ಒಂದೇ ಆಗಿರಬೇಕು, ಇಲ್ಲದಿದ್ದರೆ ಒಂದು ಯಕೃತ್ತನ್ನು ಇನ್ನೊಂದಕ್ಕೆ ಹೋಲಿಸಲಾಗದು. ಯಕೃತ್ತಿನ ತೂಕವನ್ನೂ ಬರೆದಿಡಬೇಕು.

ಕಷ್ಟ ಬರುವುದು ಸಂರಕ್ಷಣಾ ದ್ರಾವಣದಿಂದ. ಯುಡಬ್ಲ್ಯೂ (ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ) ದ್ರಾವಣದ ಪ್ರತಿ ಲೀಟರಿನಲ್ಲಿ 50 ಗ್ರಾಂ ಹೈಡ್ರಾಕ್ಸಿಈಥೈಲ್ ಸ್ಟಾರ್ಚ್ ಇದೆ. ಅದರ ಅಣುಗಳು 100 ಕಿಲೋಡಾಲ್ಟನ್ (ಅಣುಗಳ ತೂಕದ ಅಳತೆ) ಜರಡಿಗಿಂತ ದೊಡ್ಡವು. ಮಾಮೂಲಿನಂತೆ 100 ಕಿಲೋಡಾಲ್ಟನ್ ಫಿಲ್ಟರಿನಲ್ಲಿ ಗಟ್ಟಿಗೊಳಿಸಲು ಹೋದರೆ ಸ್ಟಾರ್ಚ್ ಕೂಡ ಕಿರುಚೀಲಗಳ ಜೊತೆ ಮೇಲೆಯೇ ಉಳಿದು ಗಂಜಿಯಾಗುತ್ತದೆ, ಫಿಲ್ಟರು ಕಟ್ಟಿಕೊಳ್ಳುತ್ತದೆ. ಆ ಗಂಜಿಯನ್ನು ಕಾಲಮ್ಮಿಗೆ (ಗಾತ್ರದ ಮೇಲೆ ಕಣಗಳನ್ನು ಬೇರ್ಪಡಿಸುವ ಹಾಸು ತುಂಬಿದ ಕೊಳವೆಗೆ) ಹಾಕಿದರೆ ಅಲ್ಲೂ ಹರಿವು ನಿಂತು ಪಟ್ಟಿಗಳು ಹರಡಿಹೋಗುತ್ತವೆ. ನಾವು ಮಾಡುವುದು ಹೀಗೆ: 300 ಜಿಯಲ್ಲಿ 10 ನಿಮಿಷ ತಿರುಗಿಸಿ ಕೋಶಗಳನ್ನು ತೆಗೆಯುತ್ತೇವೆ, ಏಕೆಂದರೆ ದಾನಿಯ ಬಿಳಿರಕ್ತಕಣಗಳು ಇದರಲ್ಲಿ ಧಾರಾಳ. 2,000 ಜಿಯಲ್ಲಿ 20 ನಿಮಿಷ ತಿರುಗಿಸಿ ಚೂರುಪಾರು ತೆಗೆಯುತ್ತೇವೆ. ನಂತರ ಒಂದಕ್ಕೆ ಮೂರು ಪಾಲು ತಣ್ಣನೆಯ ಫಾಸ್ಫೇಟ್ ಬಫರ್ ಬೆರೆಸಿ 10,000 ಜಿಯಲ್ಲಿ 30 ನಿಮಿಷ ತಿರುಗಿಸಿ ದೊಡ್ಡ ಕಿರುಚೀಲಗಳನ್ನು ತಳಕ್ಕೆ ಇಳಿಸಿ ಬೇರೆ ಇಡುತ್ತೇವೆ. ಮೇಲಿನದನ್ನು 500 ಕಿಲೋಡಾಲ್ಟನ್ ಜರಡಿಯ ಅಡ್ಡಹರಿವಿನ ಫಿಲ್ಟರಿನಲ್ಲಿ, ಹತ್ತು ಪಟ್ಟು ಬಫರಿನಿಂದ ತೊಳೆಯುತ್ತ ಗಟ್ಟಿಗೊಳಿಸುತ್ತೇವೆ. ಬೆರೆಸಿ ತೆಳುಮಾಡುವ ಹೆಜ್ಜೆ ಬಿಟ್ಟರೆ ದಪ್ಪ ದ್ರಾವಣದಲ್ಲಿ ಕಿರುಚೀಲಗಳು ನಿಧಾನವಾಗಿ ಇಳಿಯುತ್ತವೆ, ಅದೇ ವೇಗ ಅದೇ ಹೊತ್ತಿನಲ್ಲಿ ಕಡಿಮೆ ಸಿಗುತ್ತದೆ. ಇನ್ನೊಂದು ಸಂರಕ್ಷಣಾ ದ್ರಾವಣವಾದ ಎಚ್‌ಟಿಕೆಯಲ್ಲಿ ಸ್ಟಾರ್ಚ್ ಇಲ್ಲ, ನೀರಿನಷ್ಟೇ ತೆಳು. ಆದ್ದರಿಂದ ಯುಡಬ್ಲ್ಯೂನಲ್ಲಿಟ್ಟ ಯಕೃತ್ತನ್ನು ಎಚ್‌ಟಿಕೆಯಲ್ಲಿಟ್ಟದ್ದರ ಜೊತೆ ಹೋಲಿಸುವವರು ದ್ರಾವಣದ ವ್ಯತ್ಯಾಸವನ್ನೇ ಅಳೆಯುತ್ತಿರುವ ಸಾಧ್ಯತೆ ದೊಡ್ಡದು.

ಇನ್ನೂ ಎರಡು ಬಲೆಗಳಿವೆ. ಯುಡಬ್ಲ್ಯೂನಲ್ಲಿ 25 ಮಿಲಿಮೋಲಾರ್ ಫಾಸ್ಫೇಟ್ ಇದೆ. ಫಾಸ್ಫಟಿಡೈಲ್‌ಸೀರಿನ್ ಗುರುತಿಸಲು ಬಳಸುವ ಅನೆಕ್ಸಿನ್-5 ಅಂಟಲು ಕ್ಯಾಲ್ಸಿಯಂ ಬೇಕು. ಎರಡೂ ಸೇರಿದರೆ ಕ್ಯಾಲ್ಸಿಯಂ ಫಾಸ್ಫೇಟಿನ ಸೂಕ್ಷ್ಮ ಹರಳುಗಳು ಹುಟ್ಟಿ, ಕಣಗಳನ್ನು ಒಂದೊಂದಾಗಿ ಬೆಳಕಿನಲ್ಲಿ ಹಾಯಿಸಿ ನೋಡುವ ಫ್ಲೋ ಸೈಟೋಮೀಟರಿನಲ್ಲಿ ಅಚ್ಚುಕಟ್ಟಾಗಿ ಕಿರುಚೀಲಗಳಂತೆ ಕಾಣುತ್ತವೆ. ಫಾಸ್ಫೇಟ್ ಇಲ್ಲದ ಹೆಪಿಸ್ ಬಫರಿಗೆ ಬದಲಾಯಿಸಿದ ಮೇಲೆಯೇ ಅನೆಕ್ಸಿನ್ ಹಾಕಬೇಕು. ಇನ್ನೊಂದು ಬಲೆ ದ್ರಾವಣದಲ್ಲಿರುವ ಗ್ಲುಟಾಥಯೋನ್. ಅದು ಬಿಸಿಎ ಪ್ರೋಟೀನ್ ಪರೀಕ್ಷೆಯ ತಾಮ್ರವನ್ನು ತಾನೇ ಅಪಕರ್ಷಿಸಿ ಇಲ್ಲದ ಪ್ರೋಟೀನು ತೋರಿಸುತ್ತದೆ. ಕಾಲಮ್ ದಾಟಿದ ಮೇಲೆ ಗ್ಲುಟಾಥಯೋನ್ ಉಳಿಯುವುದಿಲ್ಲ, ಪ್ರೋಟೀನನ್ನು ಆಗ ಅಳೆಯಿರಿ. ಬಳಸದ ಹೊಸ ಯುಡಬ್ಲ್ಯೂ ಚೀಲದಿಂದ 50 ಮಿ.ಲೀ. ತೆಗೆದು ಇದೇ ಎಲ್ಲ ಹೆಜ್ಜೆಗಳಲ್ಲಿ ಓಡಿಸಿದ ಖಾಲಿ ಮಾದರಿ ಪ್ರತಿ ತಂಡದಲ್ಲೂ ಇರಲೇಬೇಕು. ಅದರಲ್ಲೂ ಕಣಗಳು ಕಾಣುತ್ತವೆ, ಅವನ್ನು ಕಳೆಯಬೇಕು.

ಬೇರ್ಪಡಿಸುವುದು

ಪ್ಲಾಸ್ಮಾಕ್ಕೆ ನಾವು ಗಾತ್ರದ ಮೇಲೆ ಬೇರ್ಪಡಿಸುವ ಕಾಲಮ್ ಬಳಸುತ್ತೇವೆ. ಸೆಫರೋಸ್ ಸಿಎಲ್-2ಬಿ, 10 ಮಿ.ಲೀ. ಹಾಸು. 1.5 ಮಿ.ಲೀ. ಹಾಕಿ, 0.5 ಮಿ.ಲೀ.ನ 26 ಭಾಗಗಳನ್ನು ಹಿಡಿದರೆ ಕಿರುಚೀಲಗಳು ಹೆಚ್ಚಾಗಿ 9ರಿಂದ 12ನೆಯ ಭಾಗದಲ್ಲಿ ಬರುತ್ತವೆ, ಪ್ರೋಟೀನಿನ ದೊಡ್ಡ ಅಲೆ ಆಮೇಲೆ. ಕಡಿಮೆ ಹಾಕಿದರೆ ಕಿರುಚೀಲಗಳು ಇನ್ನೂ ಮೊದಲಿನ ಭಾಗಗಳಲ್ಲೇ ಬರುತ್ತವೆ. ಯಾರದ್ದೋ ಕ್ರಮಸಂಖ್ಯೆ ನೋಡಿ ಅದನ್ನೇ ಹಿಡಿಯುವ ಬದಲು ಪ್ರತಿ ಹೊಸ ಕಾಲಮ್ಮಿಗೂ ಎಲ್ಲ ಭಾಗಗಳಲ್ಲಿ ಕಣ ಮತ್ತು ಪ್ರೋಟೀನ್ ಅಳೆದು ರೇಖೆ ಬರೆದುಕೊಳ್ಳಿ. ಹಾಸಿನಲ್ಲಿ ಬಿರುಕು, ಗುಳ್ಳೆ ಕಂಡರೆ ಅದನ್ನು ಬಳಸಬೇಡಿ. ಆಲ್ಬುಮಿನ್ ಬೇಗ ಬರತೊಡಗಿದರೆ ಕಾಲಮ್ಮಿನ ಆಯುಸ್ಸು ಮುಗಿದಿದೆ ಎಂದರ್ಥ.

ಪಾಲಿಎಥಿಲೀನ್ ಗ್ಲೈಕಾಲ್ ಹಾಕಿ ಗರಣೆಗಟ್ಟಿಸುವ ಕಿಟ್‌ಗಳನ್ನು ಈ ಕೆಲಸಕ್ಕೆ ನಾನು ಒಪ್ಪುವುದಿಲ್ಲ. ಅವು ಪ್ರತಿಕಾಯ, ಕೊಬ್ಬಿನ ಕಣ, ಪ್ರೋಟೀನಿಗೆ ಅಂಟಿದ ಆರ್‌ಎನ್‌ಎ ಎಲ್ಲವನ್ನೂ ಒಟ್ಟಿಗೆ ಇಳಿಸುತ್ತವೆ.

ಕೊಬ್ಬಿನ ಕಣಗಳ ವಿಷಯದಲ್ಲಿ ಕಾಲಮ್ಮೂ ಪೂರ್ತಿ ಕಾಪಾಡುವುದಿಲ್ಲ. ಎಚ್‌ಡಿಎಲ್ ಮತ್ತು ಎಲ್‌ಡಿಎಲ್ ಚಿಕ್ಕವು, ಬಹುಪಾಲು ಹಿಂದೆ ಉಳಿಯುತ್ತವೆ. ವಿಎಲ್‌ಡಿಎಲ್ ಮತ್ತು ಕೈಲೋಮೈಕ್ರಾನ್‌ಗಳ ಗಾತ್ರ ಕಿರುಚೀಲಗಳದ್ದೇ, ಅವು ಜೊತೆಗೇ ಬರುತ್ತವೆ. ಅವು ಹಗುರ, ಆದ್ದರಿಂದ ಅಯೋಡಿಕ್ಸನಾಲ್ ಸಾಂದ್ರತೆಯ ಮೆಟ್ಟಿಲಿನಲ್ಲಿ ಬೇರೆಯಾಗುತ್ತವೆ. ಆದರೆ ಸಾಂದ್ರತೆಯಿಂದ ಮಾತ್ರ ಬೇರ್ಪಡಿಸಿದರೆ ಎಚ್‌ಡಿಎಲ್ ಕಿರುಚೀಲಗಳ ಪಟ್ಟಿಯಲ್ಲೇ ಕೂರುತ್ತದೆ. ಎರಡನ್ನೂ ಒಂದರ ಮೇಲೊಂದು ಮಾಡಿದಾಗಲೇ ಶುದ್ಧಿ. ಪ್ರತಿ ರೋಗಿಗೂ ಅಷ್ಟು ಪ್ಲಾಸ್ಮಾ ಇರುವುದಿಲ್ಲ, ಅದಕ್ಕೆ ಖಾಲಿಹೊಟ್ಟೆಯ ರಕ್ತ, ನಂತರ ಕಾಲಮ್, ಆಮೇಲೆ ಕೊಬ್ಬಿನ ಕಣಗಳ ಪ್ರೋಟೀನಾದ ಅಪೊಬಿ ಎಷ್ಟು ಉಳಿದಿದೆ ಎಂಬ ಅಳತೆ ಇಷ್ಟಕ್ಕೆ ನಿಲ್ಲಿಸುತ್ತೇವೆ. ಇನ್ನೊಂದು ಗಮನಿಸಬೇಕಾದದ್ದು: ವಿಎಲ್‌ಡಿಎಲ್ ಮಾಡುವುದೇ ಯಕೃತ್ತು. ಹೊಸ ಯಕೃತ್ತು ಚೇತರಿಸಿಕೊಂಡಷ್ಟೂ ಆ ಕಣಗಳು ಹೆಚ್ಚುತ್ತವೆ. ಬರಿಯ ಎಣಿಕೆ ನಂಬಿದವರಿಗೆ ಚೇತರಿಕೆಯೇ ಗಾಯದಂತೆ ಕಾಣುವ ಅಪಾಯ ಇದೆ.

ಎಣಿಕೆ, ಗುರುತು

ಕಣಗಳ ಚಲನೆ ನೋಡಿ ಎಣಿಸುವ ಯಂತ್ರದಲ್ಲಿ ಒಂದು ಚೌಕಟ್ಟಿಗೆ 20ರಿಂದ 100 ಕಣ ಬರುವಂತೆ ತೆಳುಮಾಡಿ, 60 ಸೆಕೆಂಡಿನ 5 ವೀಡಿಯೊ ತೆಗೆಯುತ್ತೇವೆ. ಕ್ಯಾಮೆರಾದ ಮಟ್ಟ ಇಡೀ ಅಧ್ಯಯನಕ್ಕೆ ಒಂದೇ. ಈ ಯಂತ್ರ 60–70 ನ್ಯಾನೋಮೀಟರಿಗಿಂತ ಚಿಕ್ಕ ಕಿರುಚೀಲಗಳನ್ನು ಸರಿಯಾಗಿ ಕಾಣುವುದಿಲ್ಲ. ಒಂದು ಮೈಕ್ರೋಗ್ರಾಂ ಪ್ರೋಟೀನಿಗೆ 3×10¹⁰ಕ್ಕಿಂತ ಹೆಚ್ಚು ಕಣ ಇದ್ದರೆ ಶುದ್ಧ ಎಂಬ ಅಳತೆಗೋಲು ಬಳಕೆಯಲ್ಲಿದೆ, ಆದರೆ ಕೊಬ್ಬಿನ ಕಣ ತುಂಬಿದ ಮಾದರಿಯಲ್ಲೂ ಈ ಅನುಪಾತ ಚೆನ್ನಾಗಿಯೇ ಕಾಣುತ್ತದೆ. ಅಪೊಬಿ ಅಳೆಯದೆ ಅದನ್ನು ಬರೆಯಬೇಡಿ.

ಪ್ರತಿಕಾಯಗಳಿಂದ ಪ್ರೋಟೀನು ಗುರುತಿಸುವ ವೆಸ್ಟರ್ನ್ ಬ್ಲಾಟ್‌ನಲ್ಲಿ ಪೊರೆಯ ಗುರುತಿಗೆ ಸಿಡಿ63, ಸಿಡಿ81. ಒಳಗಿನದಕ್ಕೆ ಟಿಎಸ್‌ಜಿ101 ಅಥವಾ ಸಿಂಟೆನಿನ್. ಕಲ್ಮಶಕ್ಕೆ ಅಪೊಬಿ, ಅಪೊಎ1, ಆಲ್ಬುಮಿನ್. ಸಿಡಿ9 ಒಂದನ್ನೇ ನೆಚ್ಚಿದರೆ ಪ್ಲೇಟ್‌ಲೆಟ್‌ಗಳೇ ಎದ್ದು ಕಾಣುತ್ತವೆ, ಅವುಗಳಲ್ಲಿ ಅದು ಬಹಳ. ಸಿಡಿ9, ಸಿಡಿ63, ಸಿಡಿ81 ಸೇರಿದ ಟೆಟ್ರಾಸ್ಪ್ಯಾನಿನ್‌ಗಳಿಗೆ ಅಪಕರ್ಷಕ ಹಾಕದ ಬಫರ್ ಬೇಕು. ಮರ್ಕ್ಯಾಪ್ಟೊಎಥನಾಲ್ ಹಾಕಿದರೆ ಅನೇಕ ಪ್ರತಿಕಾಯಗಳಿಗೆ ಹಿಡಿಯುವ ಜಾಗವೇ ಮುರಿದುಹೋಗುತ್ತದೆ, ಪಟ್ಟಿ ಬರಲಿಲ್ಲ ಎಂದು ಮಾದರಿಯನ್ನು ದೂರುತ್ತೇವೆ. ಸಿಡಿ63 ಸಕ್ಕರೆ ಸರಪಳಿಗಳಿಂದಾಗಿ 30ರಿಂದ 60 ಕಿಲೋಡಾಲ್ಟನ್‌ವರೆಗೆ ಹರಡಿದ ಮಸುಕಾಗಿ ಬರುವುದು ಸಹಜ.

ಯಾರದು ಎಂಬ ಪ್ರಶ್ನೆಗೆ ಯಕೃತ್ ಕೋಶಕ್ಕೆ ಎಎಸ್‌ಜಿಆರ್1, ಪ್ಲೇಟ್‌ಲೆಟ್‌ಗೆ ಸಿಡಿ41, ಕೆಂಪು ಕಣಕ್ಕೆ ಸಿಡಿ235ಎ, ಬಿಳಿ ಕಣಕ್ಕೆ ಸಿಡಿ45 ಈ ನಾಲ್ಕನ್ನೂ ಪ್ರತಿ ಮಾದರಿಗೂ ಅಳೆಯುತ್ತೇವೆ. ಫ್ಲೋ ಸೈಟೋಮೀಟರಿನಲ್ಲಿ ಓಡಿಸಿದ ಪ್ರತಿ ನಳಿಕೆಗೂ ಟ್ರೈಟಾನ್ ಎಂಬ ಡಿಟರ್ಜೆಂಟ್ ಹಾಕಿದ ಜೋಡಿ ಇರುತ್ತದೆ. ಡಿಟರ್ಜೆಂಟ್ ಹಾಕಿದ ಮೇಲೂ ಉಳಿಯುವ ಸಂಕೇತ ಕಿರುಚೀಲದ್ದಲ್ಲ, ಪ್ರತಿಕಾಯಗಳ ಗಂಟು. ಪೊರೆಗೆ ಹಚ್ಚುವ ಪಿಕೆಎಚ್ ಬಣ್ಣಗಳನ್ನು ನಾವು ಬಿಟ್ಟಿದ್ದೇವೆ, ಬಣ್ಣವೇ ಕಿರುಚೀಲದ ಗಾತ್ರದ ಉಂಡೆಗಳಾಗುತ್ತದೆ.

ದಾನಿಯ ಗುರುತು ಹಿಡಿಯಲು ಸುಲಭವಾದ ಜೋಡಿ ಎಂದರೆ ದಾನಿಗೆ ಎಚ್‌ಎಲ್‌ಎ-ಎ2 ಇದ್ದು ಪಡೆದವರಿಗೆ ಇಲ್ಲದಿರುವುದು. ಸಿಡಿ63 ಅಥವಾ ಸಿಡಿ81 ಪ್ರತಿಕಾಯ ಹೊತ್ತ ಕಾಂತೀಯ ಮಣಿಗಳ ಮೇಲೆ ರಾತ್ರಿಯಿಡೀ 4 ಡಿಗ್ರಿಯಲ್ಲಿ ಕಿರುಚೀಲಗಳನ್ನು ಹಿಡಿದು, ತೊಳೆದು, ಎ2 ಹಿಡಿಯುವ ಬಿಬಿ7.2 ಪ್ರತಿಕಾಯದಿಂದ ಬಣ್ಣ ಹಚ್ಚುತ್ತೇವೆ. ಈ ಪ್ರತಿಕಾಯ ಎ69 ಎಂಬ ಇನ್ನೊಂದು ಎಚ್‌ಎಲ್‌ಎಯನ್ನೂ ಹಿಡಿಯುತ್ತದೆ, ಆದ್ದರಿಂದ ಪಡೆದವರ ಎಚ್‌ಎಲ್‌ಎ ವರದಿಯನ್ನು ಪೂರ್ತಿ ನೋಡಬೇಕು. ಅದೇ ರೋಗಿಯ ಕಸಿಪೂರ್ವ ಪ್ಲಾಸ್ಮಾದಲ್ಲಿ ಈ ಸಂಕೇತ ಬರಬಾರದು. ಇಷ್ಟೆಲ್ಲ ಆದರೂ ಒಂದು ಬಾಗಿಲು ತೆರೆದೇ ಇರುತ್ತದೆ: ಪ್ಲೇಟ್‌ಲೆಟ್‌ಗಳ ಮೇಲೆ ಎಚ್‌ಎಲ್‌ಎ ಒಂದನೆಯ ವರ್ಗ ಧಾರಾಳವಾಗಿದೆ. ಎ2 ಇರುವ ಯಾರದೋ ಪ್ಲೇಟ್‌ಲೆಟ್ ಚೀಲ ಕೊಟ್ಟಿದ್ದರೆ ಆ ಕಿರುಚೀಲಗಳು ಯಕೃತ್ ದಾನಿಯದ್ದಂತೆ ಕಾಣುತ್ತವೆ. ಅದಕ್ಕೆ ಸಿಡಿ41 ಮಣಿಗಳಿಂದ ಪ್ಲೇಟ್‌ಲೆಟ್ ಪಾಲನ್ನು ಮೊದಲೇ ತೆಗೆದುಹಾಕುತ್ತೇವೆ. ರಕ್ತ ಚೀಲ ಕೊಟ್ಟ ಮರುದಿನಗಳ ಫಲಿತಾಂಶವನ್ನು ಎಚ್ಚರಿಕೆಯಿಂದಲೇ ಓದುತ್ತೇವೆ.

ಆರ್‌ಎನ್‌ಎ ಮತ್ತು ಹೆಪಾರಿನ್

ಮೈಕ್ರೋ ಆರ್‌ಎನ್‌ಎ-122 ಯಕೃತ್ ಕೋಶದ ಹೆಗ್ಗುರುತು. ಅಲ್ಲಿನ ಮೈಕ್ರೋ ಆರ್‌ಎನ್‌ಎಗಳಲ್ಲಿ ಸುಮಾರು 70 ಶೇಕಡಾ ಅದೇ. ಆದರೆ ಪ್ಲಾಸ್ಮಾದಲ್ಲಿ ಅದರ ಬಹುಪಾಲು ಕಿರುಚೀಲದೊಳಗೆ ಇರುವುದಿಲ್ಲ, ಆರ್ಗೊನಾಟ್-2 ಪ್ರೋಟೀನಿಗೆ ಅಂಟಿಕೊಂಡು ಹೊರಗೇ ಇರುತ್ತದೆ. ಒಳಗಿನದು ಎಷ್ಟೆಂದು ಹೇಳಲು ಮಾದರಿಯನ್ನು ಮೂರು ಪಾಲು ಮಾಡುತ್ತೇವೆ: ಒಂದು ಹಾಗೇ, ಒಂದಕ್ಕೆ ಪ್ರೋಟೀನೇಸ್-ಕೆ ಮತ್ತು ಆರ್‌ಎನ್‌ಏಸ್ (ಪ್ರೋಟೀನನ್ನೂ ಆರ್‌ಎನ್‌ಎಯನ್ನೂ ಕತ್ತರಿಸುವ ಕಿಣ್ವಗಳು), ಇನ್ನೊಂದಕ್ಕೆ ಇವೆರಡರ ಜೊತೆ ಟ್ರೈಟಾನ್. ಎರಡನೆಯದರಲ್ಲಿ ಉಳಿದು ಮೂರನೆಯದರಲ್ಲಿ ಅಳಿದದ್ದೇ ಕಿರುಚೀಲದೊಳಗಿನದು. ಹೋಲಿಕೆಗೆಂದು ಹೊರಗಿನಿಂದ ಸೇರಿಸುವ ಸೆಲ್-39 ಆರ್‌ಎನ್‌ಎಯನ್ನು, ಕಿರುಚೀಲ ಒಡೆಯುವ ಲೈಸಿಸ್ ಬಫರ್ ಹಾಕಿದ ಮೇಲೆಯೇ ಸೇರಿಸಬೇಕು. ಮೊದಲೇ ಹಾಕಿದರೆ ಪ್ಲಾಸ್ಮಾದ ಆರ್‌ಎನ್‌ಏಸ್ ಅದನ್ನು ಕ್ಷಣದಲ್ಲಿ ತಿಂದುಹಾಕುತ್ತದೆ.

ತೊಳೆನೀರಿನಲ್ಲಿ ಹೆಪಾರಿನ್ ಇದ್ದೇ ಇರುತ್ತದೆ, ದಾನಿಯ ಮಹಾಧಮನಿ ಬಿಗಿಯುವ ಮುಂಚೆ ಅದನ್ನು ಕೊಡುತ್ತಾರೆ. ಹೆಪಾರಿನ್ ಪಿಸಿಆರ್ ಅನ್ನು ತಡೆಯುತ್ತದೆ. ಆರ್‌ಎನ್‌ಎಯನ್ನು ಹತ್ತು ಪಟ್ಟು ತೆಳುಮಾಡಿ ಮತ್ತೆ ಓಡಿಸಿ. ಸೈಕಲ್ ಸಂಖ್ಯೆ 3.3ರಷ್ಟು ಏರಬೇಕು. ಏರದೆ ಅಲ್ಲೇ ನಿಂತರೆ ಅಥವಾ ಇಳಿದರೆ ತಡೆ ಇದೆ ಎಂದು ತಿಳಿಯಬೇಕು. ಆಗ ಆರ್‌ಎನ್‌ಏಸ್ ನಿರೋಧಕದ ಜೊತೆ ಹೆಪಾರಿನ್ ಒಡೆಯುವ ಹೆಪಾರಿನೇಸ್-1 ಹಾಕಿ 25 ಡಿಗ್ರಿಯಲ್ಲಿ ಒಂದು ಗಂಟೆ ಇಡುತ್ತೇವೆ, ಎಲ್ಲ ಮಾದರಿಗಳಿಗೂ ಸಮನಾಗಿ. ಹೆಪಾರಿನ್‌ನ ಇನ್ನೊಂದು ಕಾಟ ಇನ್ನೂ ಸೂಕ್ಷ್ಮ. ಕಿರುಚೀಲಗಳು ಕೋಶದೊಳಗೆ ಹೋಗುವುದು ಕೋಶದ ಮೇಲಿನ ಹೆಪರಾನ್ ಸಲ್ಫೇಟ್ ಹಿಡಿದು. ಹೆಪಾರಿನ್ ಇದ್ದರೆ ಆ ಹಿಡಿತ ತಪ್ಪುತ್ತದೆ. ತೊಳೆನೀರಿನ ಕಿರುಚೀಲಗಳು ಪರೀಕ್ಷೆಯ ಕೋಶಗಳ ಮೇಲೆ ಏನೂ ಮಾಡಲಿಲ್ಲ ಎಂದು ಬರೆಯುವ ಮುಂಚೆ ಇದನ್ನು ತಳ್ಳಿಹಾಕಿರಬೇಕು.

ಚಿಕಿತ್ಸೆಯಾಗಿ

ಕಾಂಡಕೋಶಗಳ ಕಿರುಚೀಲಗಳನ್ನು ಯಕೃತ್ತಿಗೆ ಕೊಟ್ಟು ಗಾಯ ತಗ್ಗಿಸುವ ಯತ್ನ ಪ್ರಾಣಿಗಳಲ್ಲಿ ಆಶಾದಾಯಕವಾಗಿದೆ. 2018ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಮಾನವ ಯಕೃತ್ ಕಾಂಡಕೋಶಗಳ ಕಿರುಚೀಲಗಳನ್ನು, ಯಂತ್ರದ ಮೇಲೆ ಬೆಚ್ಚಗೆ ಹರಿಸುತ್ತಿದ್ದ ಹೆಗ್ಗಣದ ಯಕೃತ್ತಿಗೆ ಹಾಕಿದಾಗ ಗಾಯವಾದ ಕೋಶಗಳಿಂದ ಎಎಸ್‌ಟಿ ಮತ್ತು ಎಲ್‌ಡಿಎಚ್ ಕಿಣ್ವಗಳ ಸೋರಿಕೆ ತಗ್ಗಿತು. ಯಂತ್ರದ ಹರಿವೇ ಇದಕ್ಕೆ ಸರಿಯಾದ ಜಾಗ ಎಂದು ನನಗೆ ಅನಿಸುತ್ತದೆ. ರಕ್ತನಾಳಕ್ಕೆ ಕೊಟ್ಟದ್ದು ನಿಮಿಷಗಳಲ್ಲಿ ಗುಲ್ಮ, ಶ್ವಾಸಕೋಶಗಳಿಗೂ ಹಂಚಿಹೋಗುತ್ತದೆ. ಯಂತ್ರದಲ್ಲಿ ಯಕೃತ್ತೊಂದೇ ಇದೆ.

ಇಲ್ಲಿ ಡೋಸನ್ನು ಕಣಗಳ ಸಂಖ್ಯೆಯಲ್ಲೂ, ಎಷ್ಟು ಕೋಶಗಳಿಂದ ಬಂದದ್ದು ಎಂಬುದರಲ್ಲೂ ಬರೆಯುತ್ತೇವೆ. ಕೋಶ ಬೆಳೆಸುವ ಸೀರಮ್ಮಿನಲ್ಲೇ ಕರುವಿನ ಕಿರುಚೀಲಗಳಿವೆ; 1,00,000 ಜಿಯಲ್ಲಿ 18 ಗಂಟೆ ತಿರುಗಿಸಿದರೂ ಪೂರ್ತಿ ಹೋಗುವುದಿಲ್ಲ. ಸೀರಮ್ಮಿನ ಬದಲು ಒಡೆದ ಪ್ಲೇಟ್‌ಲೆಟ್‌ಗಳ ರಸವಾದ ಲೈಸೇಟ್ ಬಳಸಿದರೆ ಅದರಲ್ಲೂ ಕಿರುಚೀಲ, ಮೇಲಾಗಿ ಗಟ್ಟಿಯಾಗದಿರಲು ಹಾಕುವ ಹೆಪಾರಿನ್. ಕೊನೆಯ 48 ಗಂಟೆ ಸೀರಮ್ ಇಲ್ಲದ ಮಾಧ್ಯಮದಲ್ಲಿ ಇಟ್ಟು ಸಂಗ್ರಹಿಸುತ್ತೇವೆ, ಕೋಶಗಳಿಲ್ಲದ ಅದೇ ಮಾಧ್ಯಮವನ್ನೂ ಜೊತೆಗೇ ಸಂಸ್ಕರಿಸಿ ಇನ್ನೊಂದು ಯಕೃತ್ತಿಗೆ ಹಾಕುತ್ತೇವೆ. ಬರಿಯ ಫಾಸ್ಫೇಟ್ ಬಫರಿನಲ್ಲಿ ಮೈನಸ್ 80ರಲ್ಲಿಟ್ಟರೆ ಕಣಗಳು ನಳಿಕೆಗೆ ಅಂಟಿ ವಾರಗಳಲ್ಲೇ ಕಡಿಮೆಯಾಗುತ್ತವೆ. 0.2 ಶೇಕಡಾ ಮಾನವ ಆಲ್ಬುಮಿನ್ ಮತ್ತು 25 ಮಿಲಿಮೋಲಾರ್ ಟ್ರೆಹಲೋಸ್ ಸಕ್ಕರೆ ಸೇರಿಸಿದರೆ ಉಳಿಯುತ್ತವೆ. ಯಂತ್ರದ ಕೊಳವೆಗಳಿಗೂ ಅವು ಅಂಟುತ್ತವೆ, ಯಕೃತ್ತಿಲ್ಲದ ಖಾಲಿ ಸುತ್ತಿನಲ್ಲಿ ಒಂದು ಗಂಟೆ ಓಡಿಸಿ ಎಷ್ಟು ಕಳೆದುಹೋಯಿತು ಎಂದು ಮೊದಲು ಅಳೆದುಕೊಳ್ಳಬೇಕು. ಇಲ್ಲದಿದ್ದರೆ ಪ್ಲಾಸ್ಟಿಕ್ಕು ಹೀರಿದ್ದನ್ನು ಯಕೃತ್ತು ಹೀರಿತು ಎಂದು ಬರೆಯುತ್ತೇವೆ.

ಕಾಂಡಕೋಶಗಳ ಕಿರುಚೀಲಗಳ ಮೇಲೆ ಹೆಪ್ಪುಗಟ್ಟುವಿಕೆ ಶುರುಮಾಡುವ ಟಿಶ್ಯೂ ಫ್ಯಾಕ್ಟರ್ ಇರುತ್ತದೆ, ಫಾಸ್ಫಟಿಡೈಲ್‌ಸೀರಿನ್ ಕೂಡ. ಹೊಸದಾಗಿ ಹೊಲಿದ ಯಕೃತ್ ಧಮನಿಯಲ್ಲಿ ಹೆಪ್ಪು ಕಟ್ಟಿದರೆ ಯಕೃತ್ತೇ ಹೋಗುತ್ತದೆ. ಅದಕ್ಕಾಗಿ ತಯಾರಾದ ಪ್ರತಿ ತಂಡದಿಂದಲೂ ಒಂದು ಪಾಲನ್ನು, ಬಳಸುವ ಡೋಸಿನಲ್ಲೂ ಅದರ ಹತ್ತು ಪಟ್ಟಿನಲ್ಲೂ, ಆರೋಗ್ಯವಂತರ ಪ್ಲಾಸ್ಮಾಕ್ಕೆ ಬೆರೆಸಿ ಕ್ಯಾಲ್ಸಿಯಂ ಹಾಕಿ ಹೆಪ್ಪುಗಟ್ಟುವ ಹೊತ್ತನ್ನು ಅಳೆಯುತ್ತೇವೆ. ಬರಿಯ ಬಫರ್ ಬೆರೆಸಿದ್ದಕ್ಕಿಂತ ಹೊತ್ತು ಕಡಿಮೆಯಾದ ತಂಡ ಎಷ್ಟೇ ಶುದ್ಧವಾಗಿದ್ದರೂ, ಕೋಶಗಳ ಮೇಲೆ ಎಷ್ಟೇ ಚೆನ್ನಾಗಿ ಕೆಲಸ ಮಾಡಿದ್ದರೂ ಯಂತ್ರಕ್ಕೆ ಹೋಗುವುದಿಲ್ಲ.